ಬೇಳೆ ತಿಂದರೂ ಪ್ರೋಟೀನ್ ಸಾಲದೇಕೆ? ತೂಕ ಇಳಿಸುವ ಸಸ್ಯಾಹಾರಿಗಳ ಪ್ರಶ್ನೆಗಳು

ಪ್ರಶ್ನೆ: ನನ್ನ ತೂಕ 75 ಕೆ.ಜಿ. ಹಾಲು, ಮೊಸರು ತಿನ್ನುತ್ತೇನೆ, ಮೊಟ್ಟೆ ಇಲ್ಲ. ದಿನಕ್ಕೆ 1500 ಕ್ಯಾಲೊರಿಯ ಮಿತಿ ಇಟ್ಟುಕೊಂಡಿದ್ದೇನೆ. ಶೇ 40 ಕಾರ್ಬೋಹೈಡ್ರೇಟ್, ಶೇ 30 ಪ್ರೋಟೀನ್, ಶೇ 30 ಕೊಬ್ಬು ಎಂಬ ಲೆಕ್ಕ ಹಿಡಿದಿದ್ದೇನೆ. ಆದರೆ ಬೇಳೆ, ಕಡಲೆಕಾಳು, ಬಾದಾಮಿ ತಿಂದು ಪ್ರೋಟೀನ್ ಮುಟ್ಟಿಸುವಷ್ಟರಲ್ಲಿ ಕ್ಯಾಲೊರಿ ಮಿತಿ ದಾಟಿರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ಶೇಕಡಾ ಲೆಕ್ಕ ಬಿಡಿ. ದೇಹಕ್ಕೆ ಬೇಕಾದ ಪ್ರೋಟೀನ್ ತೂಕಕ್ಕೆ ತಕ್ಕಂತೆ ಇರುತ್ತದೆ, ತಟ್ಟೆಯ ಅನುಪಾತಕ್ಕಲ್ಲ. 2000 ಕ್ಯಾಲೊರಿಯ ಶೇ 15 ಎಂದರೆ 300 ಕ್ಯಾಲೊರಿ, ಗ್ರಾಂಗೆ 4ರಂತೆ 75 ಗ್ರಾಂ ಪ್ರೋಟೀನ್. ಅದೇ ಶೇ 15 ಇಟ್ಟುಕೊಂಡು ಊಟವನ್ನು 1200 ಕ್ಯಾಲೊರಿಗೆ ಇಳಿಸಿದರೆ 45 ಗ್ರಾಂ ಮಾತ್ರ. ಊಟ ಕಡಿಮೆಯಾದಾಗಲೇ ಸ್ನಾಯು ಉಳಿಸಿಕೊಳ್ಳಲು ಪ್ರೋಟೀನ್ ಹೆಚ್ಚು ಬೇಕು. ಶೇಕಡಾ ಲೆಕ್ಕದಲ್ಲಿ ಆಗ ಅದೇ ಕಡಿಮೆಯಾಗುತ್ತದೆ.

ಗ್ರಾಂನಲ್ಲಿ ಲೆಕ್ಕ ಹಾಕಿ. ತೂಕ ಇಳಿಸುವಾಗ ಕೆ.ಜಿ.ಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಸಾಕು. ತೂಕ ತೀರಾ ಹೆಚ್ಚಿದ್ದರೆ ಈಗಿನ ತೂಕದ ಬದಲು ತಲುಪಬೇಕಾದ ತೂಕವನ್ನು ಹಿಡಿಯಿರಿ. ನಿಮಗೆ 1.2ರಂತೆ 90 ಗ್ರಾಂ, ಅಂದರೆ 360 ಕ್ಯಾಲೊರಿ. ಕೊಬ್ಬು ಒಟ್ಟು ಕ್ಯಾಲೊರಿಯ ಶೇ 20ಕ್ಕಿಂತ ಕೆಳಗೆ ಹೋಗಬಾರದು. 40 ಗ್ರಾಂ ಇಡೋಣ. ಗ್ರಾಂಗೆ 9ರಂತೆ ಅದೂ 360 ಕ್ಯಾಲೊರಿ. ಉಳಿದ 780 ಕ್ಯಾಲೊರಿ ಕಾರ್ಬೋಹೈಡ್ರೇಟ್‌ಗೆ, ಗ್ರಾಂಗೆ 4ರಂತೆ 195 ಗ್ರಾಂ. ಹೊಂದಾಣಿಕೆ ಬೇಕಾದಾಗ ಕೈ ಹಾಕಬೇಕಾದ್ದು ಈ ಕೊನೆಯ ಅಂಕಿಗೆ.

ಇನ್ನು ನಿಮ್ಮ ನಿಜವಾದ ತೊಡಕಿಗೆ ಬರೋಣ. ಸಸ್ಯಾಹಾರದಲ್ಲಿ ಪ್ರೋಟೀನ್ ಒಂಟಿಯಾಗಿ ಬರುವುದು ಅಪರೂಪ. ಬೇಳೆಯ ಜೊತೆ ಪಿಷ್ಟ ಬರುತ್ತದೆ, ಬಾದಾಮಿಯ ಜೊತೆ ಎಣ್ಣೆ ಬರುತ್ತದೆ. ಹಾಗಾಗಿ '100 ಗ್ರಾಂನಲ್ಲಿ ಎಷ್ಟು ಪ್ರೋಟೀನ್' ಎಂದು ನೋಡಿದರೆ ಮೋಸ ಹೋಗುತ್ತೀರಿ. '100 ಕ್ಯಾಲೊರಿಗೆ ಎಷ್ಟು ಪ್ರೋಟೀನ್' ಎಂದು ನೋಡಿ. ಬಾದಾಮಿಯಲ್ಲಿ 100 ಗ್ರಾಂಗೆ 21 ಗ್ರಾಂ ಪ್ರೋಟೀನ್ ಇದೆ, ಕೇಳಲು ಚೆಂದ. ಆದರೆ 100 ಕ್ಯಾಲೊರಿಗೆ ಸಿಗುವುದು ಮೂರೂವರೆ ಗ್ರಾಂ ಅಷ್ಟೆ. ಶೇಂಗಾ ನಾಲ್ಕೂವರೆ, ಬೇಯಿಸಿದ ಕಡಲೆಕಾಳು ಐದೂವರೆ, ಬೇಳೆ ಸುಮಾರು 7ರಿಂದ 8, ಕೆನೆ ತೆಗೆದ ಹಾಲು 10, ಗಟ್ಟಿ ಟೋಫು (ಸೋಯಾ ಹಾಲಿನ ಪನೀರ್) 12ರ ಆಸುಪಾಸು, ಒಣ ಸೋಯಾ ಚಂಕ್ಸ್ 15, ಕೊಬ್ಬಿಲ್ಲದ, ನೀರು ಸೋಸಿದ ಗಟ್ಟಿ ಮೊಸರು ಸುಮಾರು 17. ಪನೀರ್ ಎಲ್ಲರೂ ನಂಬುವ ಪದಾರ್ಥ. ಕೆನೆಹಾಲಿನದ್ದಾದರೆ ಬೇಳೆಗಿಂತಲೂ ಕೆಳಗೆ, ಸುಮಾರು 6. ಬಾದಾಮಿ, ಶೇಂಗಾವನ್ನು ಕೊಬ್ಬಿನ ಲೆಕ್ಕಕ್ಕೆ ಬರೆಯಿರಿ. ಬೇಳೆಕಾಳನ್ನು ಪ್ರೋಟೀನ್, ಪಿಷ್ಟ ಎರಡರ ಲೆಕ್ಕಕ್ಕೂ ಹಿಡಿದು, ಅದು ತಟ್ಟೆಗೆ ಬಂದ ದಿನ ಅನ್ನ, ರೊಟ್ಟಿ ಕಡಿಮೆ ಮಾಡಿ.

ಒಂದು ದಿನದ ಹಂಚಿಕೆ ಹೀಗಿರಬಹುದು: ಒಣ ಬೇಳೆ 60 ಗ್ರಾಂ, ಒಣ ಸೋಯಾ ಚಂಕ್ಸ್ 40 ಗ್ರಾಂ, ಕೊಬ್ಬಿಲ್ಲದ ಗಟ್ಟಿ ಮೊಸರು 200 ಗ್ರಾಂ, ಹಾಲು 250 ಮಿ.ಲೀ., ಶೇಂಗಾ 20 ಗ್ರಾಂ, ಅಗಸೆಬೀಜದ ಪುಡಿ 10 ಗ್ರಾಂ, ಅಕ್ಕಿ ಅಥವಾ ಗೋಧಿ 110 ಗ್ರಾಂ (ಬೇಯಿಸುವ ಮೊದಲು), ತರಕಾರಿ 400 ಗ್ರಾಂ, ಒಂದು ಹಣ್ಣು, ಎಣ್ಣೆ 3 ಟೀ ಚಮಚ. ಪ್ರೋಟೀನ್ 85ರಿಂದ 90, ಕೊಬ್ಬು 40ರ ಹತ್ತಿರ, ಕ್ಯಾಲೊರಿ 1500ರ ಸುತ್ತ ಬರುತ್ತದೆ. ಪ್ರೋಟೀನನ್ನು ಮೂರು ಹೊತ್ತಿಗೂ ಹಂಚಿ. ಬೆಳಿಗ್ಗೆ ಬರೀ ಪಿಷ್ಟ ತಿಂದು ರಾತ್ರಿ ಒಟ್ಟಿಗೆ ತುಂಬಿಸಬೇಡಿ.

ಅಳತೆಯಲ್ಲಿ ಎರಡು ಕಡೆ ಎಡವುವವರೇ ಹೆಚ್ಚು. ಒಂದು, ಹಸಿ ಮತ್ತು ಬೆಂದ ತೂಕದ ಗೊಂದಲ: ಒಣ ಬೇಳೆಯಲ್ಲಿ 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್, ನೀರು ಕುಡಿದು ಬೆಂದ ಬೇಳೆಯಲ್ಲಿ 9 ಮಾತ್ರ. ಇನ್ನೊಂದು, ಕಣ್ಣಳತೆಯ ಎಣ್ಣೆ. ಒಂದು ಟೀ ಚಮಚ 40 ಕ್ಯಾಲೊರಿ, ಒಂದು ಟೇಬಲ್ ಚಮಚ 120. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿದರೆ ದಿನದ ಕಡಿತವೆಲ್ಲ ಅಲ್ಲೇ ಕರಗಿಹೋಗಬಹುದು.

ಮೂತ್ರಪಿಂಡದ ಕಾಯಿಲೆ ಇರುವವರು ಈ ಪ್ರೋಟೀನ್ ಲೆಕ್ಕವನ್ನು ವೈದ್ಯರನ್ನು ಕೇಳದೆ ಅನುಸರಿಸಬಾರದು.

ಪ್ರಶ್ನೆ: ಅನ್ನ, ರೊಟ್ಟಿ ಪೂರ್ತಿ ನಿಲ್ಲಿಸಿದೆ. ಮೊದಲ ವಾರ 3 ಕೆ.ಜಿ. ಇಳಿಯಿತು, ಆಮೇಲೆ ಮುಳ್ಳು ಅಲುಗಾಡುತ್ತಿಲ್ಲ. ಒಂದು ದಿನ ಅನ್ನ ತಿಂದರೆ ಒಂದು ಕೆ.ಜಿ. ಏರುತ್ತದೆ.

ಉತ್ತರ: ಇಳಿದದ್ದೂ ಏರಿದ್ದೂ ಬಹುಪಾಲು ನೀರು. ಪಿಷ್ಟವನ್ನು ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಆಗಿ ಕೂಡಿಡುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ನಿಲ್ಲುತ್ತದೆ. ಪಿಷ್ಟ ನಿಲ್ಲಿಸಿದಾಗ ಎರಡೂ ಖಾಲಿ, ತಿಂದಾಗ ಎರಡೂ ವಾಪಸ್. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿಯ ಕೊರತೆ ಬೇಕು. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಸುಮಾರು ಅರ್ಧ ಕೆ.ಜಿ., ಅದೂ ಆರಂಭದಲ್ಲಿ.

ಅನ್ನ ಬಿಟ್ಟ ಸಸ್ಯಾಹಾರಿ ಹಸಿವಾದಾಗ ಪನೀರ್, ಬೀಜಗಳ ಕಡೆಗೇ ಕೈ ಚಾಚುತ್ತಾನೆ. ಅಲ್ಲಿ ಕ್ಯಾಲೊರಿ ಮತ್ತೆ ಏರುತ್ತದೆ. ದಿನಕ್ಕೆ 100ರಿಂದ 120 ಗ್ರಾಂ ಧಾನ್ಯ (ಬೇಯಿಸುವ ಮೊದಲು) ವಾಪಸ್ ತನ್ನಿ. ಬೆಳಿಗ್ಗೆ ಎದ್ದಾಗಿನ ತೂಕವನ್ನು ದಿನವೂ ಬರೆದು ವಾರದ ಸರಾಸರಿಯನ್ನಷ್ಟೇ ಹೋಲಿಸಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಪಿಷ್ಟವನ್ನು ಏಕಾಏಕಿ ಕಡಿತ ಮಾಡಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಔಷಧಿಯ ಪ್ರಮಾಣವನ್ನು ಮೊದಲು ವೈದ್ಯರಿಂದ ಸರಿಪಡಿಸಿಕೊಳ್ಳಿ.

ಪ್ರಶ್ನೆ: ಬೇಳೆ ಮತ್ತು ಧಾನ್ಯವನ್ನು ಒಂದೇ ಊಟದಲ್ಲಿ ತಿಂದರೆ ಮಾತ್ರ ಪ್ರೋಟೀನ್ ಪೂರ್ಣವಾಗುತ್ತದೆಯೇ?

ಉತ್ತರ: ಹಾಗೇನಿಲ್ಲ. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳ ಪೈಕಿ ಧಾನ್ಯದಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಮೆಥಿಯೊನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದು ನಿಜ, ಆದರೆ ದಿನದೊಳಗೆ ಎರಡೂ ಹೊಟ್ಟೆ ಸೇರಿದರೆ ಸಾಕು. ಸೋಯಾ ಮತ್ತು ಹಾಲಿಗೆ ಈ ತಾಪತ್ರಯವೂ ಇಲ್ಲ.

ಪ್ರಶ್ನೆ: ಕಾಳು, ಸೋಯಾ ಹೆಚ್ಚಿಸಿದ ಮೇಲೆ ಹೊಟ್ಟೆಯುಬ್ಬರ ತಡೆಯಲಾಗುತ್ತಿಲ್ಲ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ಅರ್ಧಕ್ಕೆ ಇಳಿಸಿ. ಕಾಳಿನಲ್ಲಿರುವ ಕೆಲವು ಸಕ್ಕರೆಗಳನ್ನು ಸಣ್ಣ ಕರುಳು ಅರಗಿಸಲಾರದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಹುಳಿಸಿದಾಗ ಅನಿಲ ಹುಟ್ಟುತ್ತದೆ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ಸೋಯಾ ಚಂಕ್ಸ್ ಅನ್ನು ಬಿಸಿನೀರಿನಲ್ಲಿ ನೆನೆಸಿ ಎರಡು ಸಲ ಚೆನ್ನಾಗಿ ಹಿಂಡಿ. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ, ನೀರನ್ನೂ ಹೆಚ್ಚು ಕುಡಿಯಿರಿ. ಅಲ್ಲಿಯವರೆಗೆ ಆ ಪ್ರೋಟೀನನ್ನು ಟೋಫು ಮತ್ತು ಮೊಸರಿನಿಂದ ತುಂಬಿಕೊಳ್ಳಬಹುದು. ಎರಡರಲ್ಲೂ ಆ ಸಕ್ಕರೆಗಳು ತೀರಾ ಕಡಿಮೆ. ಹಾಲಿನ ಸಕ್ಕರೆಯೇ ಒಗ್ಗದವರು ಟೋಫುವನ್ನಷ್ಟೇ ಆರಿಸಿಕೊಳ್ಳಲಿ.