ಅತ್ತ ಮೇಲೆ ಏನು?

ಟೀಚರೇ, ನಮಸ್ಕಾರ.

ಕಲ್ಯಾಣಪುರದಿಂದ ನೀವು ಬರೆದ ಪತ್ರ ತಲುಪಿತು, ಅದರೊಳಗಿನ ಸಿಟ್ಟೂ ಚೆನ್ನಾಗಿಯೇ ತಲುಪಿತು. ಕಳೆದ ಸಂಚಿಕೆಯ ಮಲ್ಪೆ ಕಥೆ ನಿಮಗೆ ಹಿಡಿಸಿಲ್ಲ. ಓದದವರಿಗಾಗಿ ಎರಡು ಮಾತು. ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ಬಲೆ ಎಳೆಯುವ ವಿಂಚಿನ ರೋಪು ತುಂಡಾಗಿ ಒಬ್ಬ ಕಲಾಸಿ, ಅಂದರೆ ಬೋಟಿನ ಕೆಲಸದಾಳು, ಸಾಯುತ್ತಾನೆ. ರೋಪು ಸವೆದಿದೆ, ಬದಲಿಸಬೇಕು ಅಂತ ಬೋಟು ನಡೆಸುವ ತಾಂಡೇಲ ಮೊದಲೇ ಹೇಳಿದ್ದ. ಈ ಸೀಸನ್ ಕಳೆಯಲಿ ಅಂತ ಮಾಲಕ ಸುಮ್ಮನಿದ್ದ. ಆಮೇಲೆ ಆ ಮಾಲಕನೇ 'ಕುಡಿದಿದ್ದ, ಕಾಲು ಜಾರಿತು' ಅಂತ ಊರಿಡೀ ಹಬ್ಬಿಸುತ್ತಾನೆ. 12 ವರ್ಷ ಕಳೆದ ಮೇಲೆ ಸತ್ತವನ ಮಗಳ ಕಾಲೇಜು ಫೀಸನ್ನು ಗುಟ್ಟಾಗಿ ಕಟ್ಟಲು ಶುರು ಮಾಡುತ್ತಾನೆ. ನೀವು ಕೇಳಿದ್ದೀರಿ: 'ಫೀಸು ಕಟ್ಟಿದ ಕೂಡಲೇ ಒಳ್ಳೆಯವನಾದನಾ? ಹುಟ್ಟುಗುಣ ಸುಟ್ಟರೂ ಹೋಗದು. ಇಂಥವರು ಬದಲಾಗುತ್ತಾರೆ ಅಂತ ಯಾಕೆ ಸುಳ್ಳು ಬರೆಸುತ್ತೀರಿ?'

ಬದಲಾಗುತ್ತಾರೆ ಅಂತಲೇ ನನ್ನ ನಂಬಿಕೆ. ಆದರೆ ಬದಲಾಗುವುದು ಬೇರೆ, ಮಾಡಿದ್ದಕ್ಕೆ ಲೆಕ್ಕ ಕೊಡುವುದು ಬೇರೆ. ನಮಗೆ ಬರುವ ಎಷ್ಟೋ ಕಥೆಗಳು ಎರಡನ್ನೂ ಒಂದೇ ಕಣ್ಣೀರಿನಲ್ಲಿ ಮುಗಿಸಿಬಿಡುತ್ತವೆ. ತಪ್ಪು ಮಾಡಿದವನು ಕೊನೆಯ ಪ್ಯಾರಾದಲ್ಲಿ ಅಳುತ್ತಾನೆ, ಇಲ್ಲವೇ ಸಾಯುತ್ತಾನೆ. ಗೋವಿನ ಹಾಡಿನ ಹುಲಿಯನ್ನೇ ನೋಡಿ. ಪುಣ್ಯಕೋಟಿಯ ಸತ್ಯಕ್ಕೆ ಸೋತು ಹಾರಿ ಪ್ರಾಣ ಬಿಡುತ್ತದೆ, ಚಿಕ್ಕಂದಿನಿಂದ ಬಾಯಿಪಾಠ ಆಗಿದ್ದರೂ ಆ ಜಾಗಕ್ಕೆ ಬಂದಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಆದರೆ ಬದುಕಿದ್ದರೆ, ಮರುದಿನ ಹಸಿವಾದಾಗ ಏನು ಮಾಡುತ್ತಿತ್ತು? ಕಥೆ ಬರೆಯುವವರಿಗೆ ನಿಜವಾದ ಕಷ್ಟ ಶುರುವಾಗುವುದೇ ಅಲ್ಲಿ.

ಈ ಕಥೆಯೂ ಮೊದಲು ಹಾಗೇ ಇತ್ತು. ಮಾಲಕ ಆಸ್ಪತ್ರೆಯ ಮಂಚದಲ್ಲಿ ಕೈಮುಗಿಯುತ್ತಿದ್ದ, ಸತ್ತವನ ಹೆಂಡತಿ 'ಹೋಗಲಿ ಬಿಡಿ' ಅನ್ನುತ್ತಿದ್ದಳು. ಅವಳು ಯಾಕೆ ಬಿಡಬೇಕು ಅಂತ ಅಂಚಿನಲ್ಲಿ ಬರೆದು ವಾಪಸ್ ಕಳಿಸಿದೆ. ಬಹಳ ದಿನ ಕಥೆಗಾರರ ಸುದ್ದಿಯೇ ಇರಲಿಲ್ಲ (ಕೋಪ ಬಂದಿರಬೇಕು, ಬರುವುದು ಸಹಜ). ಆಮೇಲೆ ಬಂದದ್ದು ನೀವು ಓದಿದ ರೂಪ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿವೆ, ಮಾಲಕನಿಗೆ ಕೆಲಸದ ನೆಪವೂ ಇಲ್ಲ. ಬಲೆ ಸರಿಮಾಡುತ್ತಾ ಕೂತವರ ನಡುವೆ ಅವಳು ಬಂದು ಫೀಸಿನ ರಶೀದಿ ಮುಂದಿಟ್ಟು ಕೇಳುತ್ತಾಳೆ: 'ದುಡ್ಡು ಇರಲಿ. ನನ್ನ ಗಂಡ ಕುಡಿದಿರಲಿಲ್ಲ ಅಂತ ಇವರೆದುರು ಹೇಳ್ತೀರಾ?' ಮಾಲಕ ರಶೀದಿಯನ್ನು ಮಡಚುತ್ತಾನೆ, ಬಿಡಿಸುತ್ತಾನೆ, ಮತ್ತೆ ಮಡಚುತ್ತಾನೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಇದರಲ್ಲಿ ಕ್ಷಮೆ ನಿಮಗೆ ಎಲ್ಲಿ ಕಂಡಿತು ಟೀಚರೇ?

ಗುಟ್ಟಾಗಿ ಕಟ್ಟಿದ ಫೀಸಿನಿಂದ ಅವನಿಗೆ ರಾತ್ರಿ ನಿದ್ದೆ ಬರುತ್ತದೆ. ಸತ್ತವನ ಹೆಸರಿಗೆ ಅಂಟಿದ ಸುಳ್ಳು ಹಾಗೇ ಇರುತ್ತದೆ. ಟಾಲ್‌ಸ್ಟಾಯ್ ಅವರ 1899ರ 'ರಿಸರೆಕ್ಷನ್' ಕಾದಂಬರಿಯಲ್ಲೂ ಇದೇ ಗಂಟು ಇದೆ. ತಾನು ಹಿಂದೆ ಕೆಡಿಸಿ ಬಿಟ್ಟುಹೋದ ಹುಡುಗಿಯೇ ಆರೋಪಿಯಾಗಿ ಕೋರ್ಟಿಗೆ ಬಂದಾಗ ಜ್ಯೂರಿಯಲ್ಲಿ ಕೂತಿದ್ದ ಸಾಹುಕಾರನಿಗೆ ಪಶ್ಚಾತ್ತಾಪವಾಗುತ್ತದೆ, ಮದುವೆಯಾಗುತ್ತೇನೆ ಅನ್ನುತ್ತಾನೆ. ಅವಳು ಉರಿದುಬೀಳುತ್ತಾಳೆ. ಆಗ ಸುಖಕ್ಕೆ ನಾನು ಬೇಕಾದೆ, ಈಗ ನಿನ್ನ ಮೋಕ್ಷಕ್ಕೂ ನಾನೇ ಬೇಕಾ ಅನ್ನುವ ಅರ್ಥದಲ್ಲಿ. ಅವನು ನಿಜಕ್ಕೂ ಬದಲಾಗುತ್ತಾನೆ, ಆದರೂ ಅವಳು ಕೊನೆವರೆಗೂ ಅವನನ್ನು ಮದುವೆಯಾಗುವುದಿಲ್ಲ.

ಎದುರು ನಿಂತು ಹೇಳುವುದರಲ್ಲಿ ಏನಿದೆ ಅಂತ ನೀವಂತೂ ಕೇಳಲಾರಿರಿ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಲೆಗೆ ರಾತ್ರಿಯಿಡೀ ಕೂತವರು ನೀವು, ಪತ್ರದಲ್ಲೇ ಬರೆದಿದ್ದೀರಿ. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಕೇಳುತ್ತಾ ಹೋಗುತ್ತಾನಲ್ಲ, ತಾಳಮದ್ದಲೆಯ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಗೊತ್ತು, ಉತ್ತರ ಸರಿಯೋ ತಪ್ಪೋ ಅನ್ನುವುದು ಆಮೇಲಿನ ಮಾತು, ಮೊದಲು ಮರೆಯಿಂದ ಹೊರಗೆ ಬಂದು ಸಾಯುತ್ತಿರುವವನ ಎದುರು ನಿಲ್ಲಬೇಕು. ರಾಮನಿಗೇ ಇಲ್ಲದ ರಿಯಾಯಿತಿ ಬೋಟಿನ ಮಾಲಕನಿಗೆ ಯಾಕೆ?

ನಿಮ್ಮ ಹುಟ್ಟುಗುಣದ ಮಾತನ್ನು ಮಾತ್ರ ಒಪ್ಪಲಾರೆ. ಅದರಿಂದ ಲಾಭ ಆಗುವುದು ಆ ಮಾಲಕನಿಗೇ. ನನ್ನ ಗುಣವೇ ಹೀಗೆ, ಏನು ಮಾಡಲಿ ಅಂತ ಕೈ ತೊಳೆದುಕೊಳ್ಳಬಹುದು. ಬದಲಾಗಬಲ್ಲವನ ಹತ್ತಿರ ಮಾತ್ರ ಲೆಕ್ಕ ಕೇಳಲು ಆಗುವುದು, ಅಲ್ವಾ? ಸಮುದ್ರದ ಹತ್ತಿರ ಯಾರೂ ಲೆಕ್ಕ ಕೇಳುವುದಿಲ್ಲ.

'ನಾನಾಗಿದ್ದರೆ ಅವನ ಬಾಯಿಂದ ಹೇಳಿಸಿಯೇ ಕಥೆ ಮುಗಿಸುತ್ತಿದ್ದೆ' ಅಂತ ಕೊನೆಗೆ ಬರೆದಿದ್ದೀರಿ. ಬರೆದು ಕಳಿಸಿ, ಕೈಬರಹವಾದರೂ ಪರವಾಗಿಲ್ಲ. ಆದರೆ ಹೇಳಿಸಿ ಮುಗಿಸಬೇಡಿ, ಹೇಳಿದ ಮರುದಿನದಿಂದ ಶುರು ಮಾಡಿ. ಅವನ ಬೋಟಿಗೆ ಕಲಾಸಿಗಳು ಬರುತ್ತಾರಾ, ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ತಾಂಡೇಲ ಏನನ್ನುತ್ತಾನೆ, ಮಗಳು ಆ ಫೀಸನ್ನು ಮುಂದಿನ ವರ್ಷವೂ ತೆಗೆದುಕೊಳ್ಳುತ್ತಾಳಾ. ಅಷ್ಟಿದ್ದರೆ ಎಷ್ಟು ಪುಟವಾದರೂ ಹಾಕುತ್ತೇನೆ.

ಸಂಪಾದಕ