ಸಿಪಿಆರ್ ಬರುತ್ತೆ, ಗೊಂಬೆ ತರಬೇತಿ ಯಾಕೆ?

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್. ನಮ್ಮ ತುರ್ತು ವಿಭಾಗದವರಿಗೆಲ್ಲ ಗೊಂಬೆ ಇಟ್ಟು ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ, ಉಸಿರು ಕೊಡುವುದು) ತರಬೇತಿ ಕೊಡ್ತಾರಂತೆ. ಸಿಪಿಆರ್ ಎಲ್ಲರಿಗೂ ಗೊತ್ತು. ಮತ್ತೆ ಇದ್ಯಾಕೆ ಡಾಕ್ಟ್ರೇ?

ಉತ್ತರ: ಒಬ್ಬೊಬ್ಬರಿಗೂ ಗೊತ್ತು, ನಿಜ. ಐದು ಜನ ಒಟ್ಟಿಗೆ ನಿಂತಾಗಲೇ ತೊಡಕು ಶುರು. ವೈದ್ಯರು "ಅಡ್ರಿನಲಿನ್ ಕೊಡಿ" ಅಂತಾರೆ (ಹೃದಯ ಮತ್ತೆ ಬಡಿಯಲಿ ಅಂತ ಕೊಡುವ ಔಷಧಿ). ಯಾರಿಗೆ ಹೇಳಿದ್ದು? ಇಬ್ಬರು ಔಷಧಿ ಟ್ರಾಲಿಗೆ ಕೈ ಹಾಕುತ್ತಾರೆ, ಇಲ್ಲವೇ ಯಾರೂ ಹಾಕುವುದಿಲ್ಲ. ತರಬೇತಿಯಲ್ಲಿ ನಾನು ಮೊದಲು ತಿದ್ದುವುದು ಇದನ್ನೇ. "ಸವಿತಾ, ಅಡ್ರಿನಲಿನ್ 1 ಮಿಲಿಗ್ರಾಂ ಐವಿ" (ಅಂದರೆ ರಕ್ತನಾಳಕ್ಕೆ) ಅಂತ ಹೆಸರು ಹಿಡಿದು ಹೇಳಬೇಕು. ಅವರು ಅದನ್ನೇ ತಿರುಗಿ ಹೇಳಿ, ಕೊಟ್ಟ ಮೇಲೆ "ಕೊಟ್ಟಾಯ್ತು" ಅನ್ನಬೇಕು. ಇನ್ನೊಬ್ಬರು ಸಮಯ ಬರೆದುಕೊಳ್ಳಬೇಕು. 3ರಿಂದ 5 ನಿಮಿಷಕ್ಕೆ ಮುಂದಿನ ಡೋಸ್ ಇದೆ, ಅಲ್ವಾ?

ಎದೆ ಒತ್ತುವವರು 2 ನಿಮಿಷಕ್ಕೊಮ್ಮೆ ಬದಲಾಗಬೇಕು. ನಿಮಿಷಕ್ಕೆ 100ರಿಂದ 120 ಸಲ ಒತ್ತಿದರೆ ಎಂಥವರ ಕೈಯೂ ಸೋಲುತ್ತದೆ. ಮುಂದಿನವರು ಪಕ್ಕದಲ್ಲೇ ರೆಡಿ ಇರಬೇಕು.

ನನ್ನ ಪ್ರಕಾರ ಗೊಂಬೆಗಿಂತ ಮುಖ್ಯವಾದದ್ದು, ಆಮೇಲೆ ಎಲ್ಲರೂ ಕೂತು ಏನು ಸರಿ, ಏನು ತಪ್ಪಾಯ್ತು ಅಂತ ಆಡುವ ಮಾತುಕತೆ. ಅದನ್ನು ತಪ್ಪಿಸಿದರೆ ತರಬೇತಿ ಅರ್ಧವೇ. ನಾನು ಕಿರಿಯ ನರ್ಸ್‌ನಿಂದ ಶುರು ಮಾಡುತ್ತೇನೆ, ಹಿರಿಯ ವೈದ್ಯರು ಕೊನೆಗೆ. ಮೊದಲೇ ದೊಡ್ಡವರು ಮಾತಾಡಿದರೆ ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ. "ಸರ್, ಉಸಿರಿನ ಟ್ಯೂಬ್ ಸರಿಯಾಗಿ ಹೋಗಿಲ್ಲ" ಅನ್ನುವ ಧೈರ್ಯ ಬರುವುದು ಇಂಥ ಕಡೆಯೇ. ಸ್ಟ್ಯಾನ್‌ಫರ್ಡ್‌ನ ಅರಿವಳಿಕೆ ತಜ್ಞ ಡೇವಿಡ್ ಗಾಬಾ ಇಡೀ ತಂಡಕ್ಕೆ ಹೀಗೆ ತರಬೇತಿ ಕೊಡುವ ಕ್ರಮವನ್ನು ವಿಮಾನ ಪೈಲಟ್‌ಗಳ ತರಬೇತಿಯಿಂದಲೇ ತಂದರು.

ಸಾಧ್ಯವಾದರೆ ನಿಮ್ಮದೇ ವಾರ್ಡ್‌ನಲ್ಲಿ, ನಿಮ್ಮದೇ ಟ್ರಾಲಿ ಇಟ್ಟುಕೊಂಡು ಮಾಡಿಸಿ. ಗಂಟಲೊಳಗೆ ನೋಡಿ ಟ್ಯೂಬ್ ಹಾಕಲು ಬೇಕಾದ ಲ್ಯಾರಿಂಗೋಸ್ಕೋಪ್‌ನ ಬ್ಯಾಟರಿ ಸತ್ತಿರುವುದು ಆಗಲೇ ಗೊತ್ತಾಗುತ್ತದೆ. ಆಂಬುಲೆನ್ಸ್ ಸಿಬ್ಬಂದಿಯನ್ನೂ ಕರೆಯಿರಿ.