ಓದುಗರ ಪ್ರಶ್ನೆ: ಸೊಸೆಗೆ ಯಾಕಿಷ್ಟು ಗೋಡೆಯ ಹುಚ್ಚು?

ಪ್ರಶ್ನೆ: ನಮ್ಮ ಸೊಸೆ ಇಟಲಿಯ ಲುಕ್ಕಾದವಳು. ಇಲ್ಲಿ ಚೆನ್ನಾಗೇ ಹೊಂದಿಕೊಂಡಿದ್ದಾಳೆ. ಆದರೆ ಸಂಜೆಯಾದರೆ ಸಾಕು, ‘ನಮ್ಮೂರ ಗೋಡೆ’ ಅಂತ ಶುರು. ಗೋಡೆಯ ಮೇಲೂ ಇಷ್ಟು ಮಮತೆಯೇ?
– ಒಬ್ಬ ಅತ್ತೆ, ಡೊಂಬಿವಲಿ

ಉತ್ತರ: ಆ ಗೋಡೆಯ ಮೇಲೆ ನಾನೂ ನಡೆದಿದ್ದೇನೆ, ಅಕ್ಕಾ. 16–17ನೇ ಶತಮಾನದ ಕೋಟೆಗೋಡೆ, ಸುತ್ತಳತೆ 4 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಮೇಲೆ ಸಾಲುಮರ, ಬೆಂಚು, ಅಗಲವಾದ ದಾರಿ. 1812ರಲ್ಲಿ ಸೆರ್ಕಿಯೊ ನದಿ ಉಕ್ಕಿದಾಗ ಬಾಗಿಲು ಮುಚ್ಚಿ ಊರನ್ನು ಉಳಿಸಿಕೊಂಡರು. ಈಗ ಅಲ್ಲಿ ಅಜ್ಜಂದಿರ ವಾಕಿಂಗ್, ಮಕ್ಕಳ ಸೈಕಲ್, ಎಲ್ಲರ ಹರಟೆ. ನಮ್ಮ ಮುಂಬೈನ ಶಿವಾಜಿ ಪಾರ್ಕ್ ಕಟ್ಟೆಯನ್ನು ಎತ್ತರಿಸಿ ಊರ ಸುತ್ತ ಕಟ್ಟಿದ ಹಾಗೆ!

ರೋಮನ್ನರ ಬಯಲು ರಂಗಮಂದಿರ ಇದ್ದ ಜಾಗದಲ್ಲಿ ಅದೇ ಮೊಟ್ಟೆಯಾಕಾರದಲ್ಲಿ ಮನೆಗಳಿವೆ. ಜನ ಆರಾಮಾಗಿ ವಾಸ ಮಾಡ್ತಾರೆ. ಸಂಗೀತಗಾರ ಪುಚ್ಚೀನಿ 1858ರಲ್ಲಿ ಹುಟ್ಟಿದ್ದೂ ಈ ಊರಲ್ಲೇ. ಆದರೆ ನನಗೆ ಸಿಕ್ಕವರೆಲ್ಲ ಹೊಗಳಿದ್ದು ಬುಚ್ಚೆಲ್ಲಾತೊ ಎಂಬ ಸಿಹಿ ಬ್ರೆಡ್ಡನ್ನು. ಮೇಲೆ ಕಂದು ಹೊಳಪು, ಒಳಗೆ ಒಣದ್ರಾಕ್ಷಿ. ಕೊಯ್ದರೆ ಸೋಂಪಿನ ಘಮ. ಅದನ್ನು ತಿನ್ನದವರು ಲುಕ್ಕಾಕ್ಕೆ ಬಂದೇ ಇಲ್ಲ ಅಂತ ಅಲ್ಲಿನ ಮಾತು. ನನಗೆ ಸ್ವಲ್ಪ ಒಣ ಅನ್ನಿಸಿತು, ಚಹಾದಲ್ಲಿ ಅದ್ದಿದೆ. ಸೊಸೆಗೆ ಹೇಳಬೇಡಿ.

ಸೆಪ್ಟೆಂಬರ್ 13ರ ಸಂಜೆ ಅಲ್ಲಿ ಊರೆಲ್ಲ ದೀಪ ಹಚ್ಚಿ ಮೆರವಣಿಗೆ ಮಾಡ್ತಾರೆ. ಅವತ್ತು ಅವಳಿಗೆ ತವರಿನ ನೆನಪು ಜಾಸ್ತಿ ಕಾಡುತ್ತೆ, ಅಲ್ವಾ? ಅಡುಗೆ ನೀವೇ ನೋಡಿಕೊಳ್ಳಿ. ಅವಳು ಮನೆಯವರಿಗೆ ವಿಡಿಯೊ ಕಾಲ್ ಮಾಡಿಕೊಳ್ಳಲಿ.